ಕ್ಯಾಸೆಟ್ಟಿನಲ್ಲಿ ಉಳಿದದ್ದು

ಈರುಳ್ಳಿಯ ಎರಡನೆಯ ಮೂಟೆ ಬಿಚ್ಚುವ ಹೊತ್ತಿಗೆ ಪಕೀರಬ್ಬನಿಗೆ ಥಟ್ಟನೆ ಹೊಳೆಯಿತು: ಕ್ಯಾಸೆಟ್ಟಿನಲ್ಲಿ ತನ್ನ ಮಾತು ಮುಗಿದ ಮೇಲೆ ಮೈಮೂನಾ ಉಳಿದಿದ್ದಾಳೆ.  ಚೂರಿಯನ್ನು ಹಲಗೆಯ ಮೇಲಿಟ್ಟು ಬೆರಳು ಮಡಚಿ ಲೆಕ್ಕ ಹಾಕಿದ. ಒಂದು ಮಗ್ಗುಲಿಗೆ ಮೂವತ್ತು ನಿಮಿಷ. ತಾನು ಸಾಲ ಕೇಳಿದ್ದು ಹೆಚ್ಚೆಂದರೆ ಹನ್ನೆರಡು ನಿಮಿಷ, ಅದರಲ್ಲೂ ಎರಡು ನಿಮಿಷ ಬರೀ ಸಲಾಮು, ಕುಶಲ ವಿಚಾರಣೆ, ಗಂಟಲು ಸರಿಮಾಡಿಕೊಂಡದ್ದು. ಉಳಿದ ಹದಿನೆಂಟು ನಿಮಿಷ ಪೂರ್ತಿ ಹೆಂಡತಿಯ ದನಿ, ಕಳೆದ ತಿಂಗಳು ಊರಿನಿಂದ ಬಂದದ್ದು, ಅಳಿಸದೆ ಹಾಗೇ ಇದೆ. ಆ ಕ್ಯಾಸೆಟ್ಟು ನಿನ್ನೆ ಸಂಜೆಯಿಂದ ಮೂಸಬ್ಬ ಹಾಜಿಯವರ ವಶದಲ್ಲಿದೆ. ಇವತ್ತು ಶುಕ್ರವಾರ. ಶುಕ್ರವಾರ ಬೆಳಿಗ್ಗೆಯೇ ಹಾಜಿಯವರು ಕ್ಯಾಸೆಟ್ಟು ಕೇಳುವುದು. ದೋಹಾ ಹತ್ತಿರದ ಅಲ್ ರಯ್ಯಾನಿನ ಕಂಪೆನಿ ಮೆಸ್ಸಿನ ಆ ಅಡುಗೆಮನೆಯಲ್ಲಿ, ಜುಮಾ ನಮಾಜು ಮುಗಿಸಿ ಬರುವ ಅರವತ್ತು ಹೊಟ್ಟೆಗಳಿಗೆ ಬೇಯಬೇಕಾದ ಅಕ್ಕಿಯ ಎದುರು, ಪಕೀರಬ್ಬ ಮದುವೆಮನೆಯಲ್ಲಿ ಚಪ್ಪಲಿ ಕಳಕೊಂಡವನ ಹಾಗೆ ನಿಂತುಬಿಟ್ಟ. ಗೋಡೆ ಗಡಿಯಾರದಲ್ಲಿ ಏಳೂವರೆಯಾಗಿತ್ತು.

ಮೂಸಬ್ಬ ಹಾಜಿಯವರ ಕ್ರಮವೇ ಹಾಗೆ. ದೋಹಾಕ್ಕೆ ಬಂದು ಮೂವತ್ತು ವರ್ಷ ದಾಟಿದ ಮನುಷ್ಯ, ಸೂಕಿನ ಪೇಟೆಯಲ್ಲಿ ಬಟ್ಟೆ ಅಂಗಡಿ, ಅಲ್ ಥುಮಾಮಾದಲ್ಲಿ ಮನೆ. ಊರಿನವರು ಸಾಲಕ್ಕೆಂದು ಬಂದರೆ ಮುಖ ಕೊಟ್ಟು ಮಾತಾಡುವುದಿಲ್ಲ. "ಎದುರು ಕೂತರೆ ನೀನು ಅಳ್ತಿ, ನಾನು ಕರಗ್ತೇನೆ, ಆಮೇಲೆ ಇಬ್ಬರಿಗೂ ಬೇಸರ. ಕ್ಯಾಸೆಟ್ಟಿನಲ್ಲಿ ಹೇಳಿ ಕೊಡು ಮಾರಾಯ" ಎನ್ನುತ್ತಾರೆ. ಅಕ್ಷರ ಕಲಿಯದ ಅವರಿಗೆ ಊರಿನ ಸುದ್ದಿಯೆಲ್ಲ ಮೊದಲಿನಿಂದಲೂ ಕ್ಯಾಸೆಟ್ಟಿನಲ್ಲೇ ಬರುತ್ತಿದ್ದದ್ದು, ಹಾಗಾಗಿ ಕಿವಿಯ ಮೇಲೆ ಅವರಿಗೆ ಭರವಸೆ. ಗಲ್ಲೆಯ ಪಕ್ಕ ಒಂದು ಬಿಸ್ಕತ್ತಿನ ಡಬ್ಬಿ ಇಟ್ಟಿದ್ದಾರೆ. ಸಾಲ ಕೇಳುವವರು ಶುರುವಿಗೇ ಹೆಸರು ಹೇಳಿಕೊಂಡ ಕ್ಯಾಸೆಟ್ಟನ್ನು ಅದರೊಳಗೆ ಹಾಕಿ ಬರಬೇಕು. ಶುಕ್ರವಾರ ಚಹಾ ಕುಡಿದು, ಅಂಗಳದಲ್ಲಿ ನಿಲ್ಲಿಸಿದ ಕಾರಿನಲ್ಲಿ ಕೂತು ಒಂದೊಂದಾಗಿ ಕೇಳಿ, ಜುಮಾ ಮುಗಿದ ಮೇಲೆ ಮಸೀದಿಯ ಹೊರಗೆ ಹೌದು ಅಥವಾ ಇಲ್ಲ. ನಿನ್ನೆ ಪಕೀರಬ್ಬ ಡಬ್ಬಿಯ ಮುಚ್ಚಳ ತೆರೆದಾಗ ಒಳಗೆ ಆಗಲೇ ಎರಡು ಕ್ಯಾಸೆಟ್ಟು ಬಿದ್ದಿದ್ದವು. ಅಂಗಡಿಯ ಸೇಲ್ಸ್‌ಮನ್ನು ಇವನ ಮುಖವನ್ನೂ ಕೈಯನ್ನೂ ನೋಡಿದ ನೋಟಕ್ಕೆ ಪಕೀರಬ್ಬ ಮುದುಡಿಹೋಗಿ, ಬಂದದ್ದೇ ಅದಕ್ಕೆಂಬಂತೆ ಬೇಡದ ಮೂರು ಕರ್ಚೀಫು ಕೊಂಡು ಹೊರಬಿದ್ದಿದ್ದ. ಮೆಸ್ಸನ್ನು ಮುಂದಿನ ತಿಂಗಳಿಂದ ಬೇರೊಬ್ಬರಿಗೆ ಗುತ್ತಿಗೆ ಕೊಡುತ್ತಾರೆಂದು ಕಂಪೆನಿಯ ಚೀಟಿ ಗೋಡೆಗೆ ಅಂಟಿ ಹತ್ತು ದಿನವಾಗಿತ್ತು. ಅಬು ಹಮೂರಿನ ತರಕಾರಿ ಮಾರುಕಟ್ಟೆಯ ಹತ್ತಿರ ಮಲಬಾರಿಯೊಬ್ಬ ತನ್ನ ಪುಟ್ಟ ಹೋಟೆಲನ್ನು ಬಿಟ್ಟು ಊರಿಗೆ ಹೊರಟಿದ್ದ. ಇವತ್ತು ಇಳಿಹೊತ್ತಿನ ಅಸರ್ ನಮಾಜಿನೊಳಗೆ ಎಂಟು ಸಾವಿರ ರಿಯಾಲ್ ಮುಂಗಡ ಕೊಟ್ಟರೆ ಹೋಟೆಲು ಪಕೀರಬ್ಬನದು. ಕೊಡದಿದ್ದರೆ ಅದು ಇನ್ನೊಬ್ಬನದು, ಪಕೀರಬ್ಬ ಬರಿಗೈಯಲ್ಲಿ ತನ್ನೂರು ದೇರಳಕಟ್ಟೆಗೆ.

ಎಲ್ಲ ಆದದ್ದು ಅಭ್ಯಾಸಬಲದಿಂದ. ಹನ್ನೊಂದು ವರ್ಷದಿಂದ ಗಂಡ ಹೆಂಡತಿಯ ಸಂಸಾರ ನಡೆದದ್ದು ಕ್ಯಾಸೆಟ್ಟಿನ ಮೇಲೆಯೇ. ಊರಿಗೆ ಹೊರಟ ಯಾರದಾದರೂ ಪೆಟ್ಟಿಗೆಯಲ್ಲಿ ಇವನದೊಂದು ಕ್ಯಾಸೆಟ್ಟು ಹೋಗುತ್ತದೆ. ಮೈಮೂನಾ ಅದನ್ನು ನಾಲ್ಕು ಸಲ ಕೇಳಿ, ಅದರ ಮೇಲೆಯೇ ತಾನು ಮಾತಾಡಿ, ಬರುವವರ ಕೈಯಲ್ಲಿ ಕೊಟ್ಟು ಕಳಿಸುತ್ತಾಳೆ. ಇವನು ಅದನ್ನು ಹತ್ತು ಸಲ ಕೇಳಿ, ಅವಳ ಮೇಲೆ ಮತ್ತೆ ತಾನು ಮಾತಾಡುತ್ತಾನೆ. ಹೊಸ ಕ್ಯಾಸೆಟ್ಟಿಗೆ ದುಡ್ಡು ಹಾಕುವುದು ಇಬ್ಬರಿಗೂ ಹೊಟ್ಟೆಯುರಿ. ಬುಧವಾರ ಮಧ್ಯಾಹ್ನ ರೂಮಿನವರೆಲ್ಲ ಕೆಲಸಕ್ಕೆ ಹೋಗಿದ್ದಾಗ ಪಕೀರಬ್ಬ ಬಾಗಿಲು ಹಾಕಿ, ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ, ಟೂ-ಇನ್-ಒನ್ ಟೇಪ್ ರೆಕಾರ್ಡರಿನ ಕೆಂಪು ಗುಂಡಿ ಒತ್ತಿದ್ದ. ಕ್ಯಾಸೆಟ್ಟು ಯಾವುದೆಂದು ನೋಡಲಿಲ್ಲ, ಟೇಪಿನ ಬಾಯಲ್ಲಿ ಮೊದಲೇ ಇದ್ದದ್ದೇ ಇತ್ತು. ಊರಿಗೆ ಮಾತಾಡುವಾಗ ಮೂವತ್ತು ನಿಮಿಷ ಸಾಲದೆ ಕೊನೆಯಲ್ಲಿ ಗಡಿಬಿಡಿಯಲ್ಲಿ ಮಕ್ಕಳಿಗೆ ಮುತ್ತು ಕೊಡುವವನು, ಸಾಲ ಕೇಳುವಾಗ ಹನ್ನೆರಡು ನಿಮಿಷಕ್ಕೆ ಬತ್ತಿಹೋದ. ಆ ಹನ್ನೆರಡರಲ್ಲಿ ಮೂರು ನಿಮಿಷ ಸುಳ್ಳು. 'ಬೊಂಬಾಯಿಯ ದೊಡ್ಡ ಹೋಟೆಲಿನಲ್ಲಿ ಉಸ್ತಾದರ ಕೈಕೆಳಗೆ ಕಲಿತವನು ನಾನು, ಮೂಸಾಕ. ನನ್ನ ಕೈರುಚಿ ನಿಮಗೇ ಗೊತ್ತುಂಟು, ರಂಜಾನಿನಲ್ಲಿ ನಮ್ಮ ಮೆಸ್ಸಿಗೆ ಬಂದು ಪಿಂಡಿ ಎರಡು ಬಟ್ಟಲು ತಿಂದಿದ್ದೀರಿ.' ಹೇಳುವಾಗ ಅದೊಂದು ಸುಳ್ಳೆಂದು ಅನಿಸಿರಲೂ ಇಲ್ಲ, ಅಷ್ಟು ಹಳತಾಗಿತ್ತು ಅದು.

ಇನ್ನು ಉಳಿದ ಹದಿನೆಂಟು ನಿಮಿಷ. ಅದು ಪಕೀರಬ್ಬನಿಗೆ ಬಾಯಿಪಾಠ. ಮೊದಲು ಅರ್ಧ ತುಂಡಾದ ಒಂದು ವಾಕ್ಯ, ಆಮೇಲೆ ಮೈಮೂನಾಳ ನಗು. 'ಆ ಮೂಸಾಕನ ಹಾಗೆ ಇನ್ನೊಂದು ಸಲ ಮಾತಾಡಿ ಕಳಿಸಿ, ನಿಮ್ಮ ಮಗಳು ನಕ್ಕು ನಕ್ಕು ನೆಲಕ್ಕೆ ಬಿದ್ದಳು.' ಹಾಜಿಯವರು ದುಡ್ಡಿನ ಮಾತು ಬಂದರೆ ಮೂರು ಸಲ ಗಂಟಲು ಕೆರೆಯುವುದನ್ನು, 'ಮಾಫಿ ಫಾಯ್ದಾ', ಏನೂ ಲಾಭವಿಲ್ಲ, ಎಂದು ಕೈ ಕೊಡವುವುದನ್ನು ಪಕೀರಬ್ಬ ಹಿಂದಿನ ಕ್ಯಾಸೆಟ್ಟಿನಲ್ಲಿ ಅನುಕರಿಸಿ ಕಳಿಸಿದ್ದ. ಈಗ ಹತ್ತು ವರ್ಷದ ಶಬಾನಾ ಅದನ್ನೇ ತನ್ನ ಕೀರಲು ದನಿಯಲ್ಲಿ, ಖೊಕ್ ಖೊಕ್ ಖೊಕ್ ಎಂದು ಮಾಡಿ ತೋರಿಸುತ್ತಾಳೆ, ಅದೂ ಎರಡು ಸಲ. ಅದು ಮುಗಿದ ಮೇಲೆ ಪಿಂಡಿಯ ಪಾಠ: ಅಕ್ಕಿಹಿಟ್ಟಿನ ಉಂಡೆಗಳನ್ನು ಎಷ್ಟು ಹೊತ್ತು ಹಬೆಯಲ್ಲಿ ಬೇಯಿಸಬೇಕು, ಮಾಂಸದ ಸಾರಿಗೆ ಯಾವಾಗ ಹಾಕಬೇಕು, ಕಳೆದ ಸಲ ಮೆತ್ತಗಾಗಿದ್ದು ಏಕೆ. 'ಹಿಟ್ಟಿಗೆ ಕುದಿಯುವ ನೀರೇ ಬೇಕು ಅಂತ ಎಷ್ಟು ಸಲ ಹೇಳುದು ನಿಮಗೆ?' ಅಲ್ಲಿಗೆ ಬೊಂಬಾಯಿಯ ಉಸ್ತಾದರ ಮಾನ ಹರಾಜು. ಎಲ್ಲಕ್ಕಿಂತ ಕೊನೆಗೆ, ದನಿ ತಗ್ಗಿಸಿ, ಬಾಯಿಯನ್ನು ಮೈಕಿಗೆ ಒತ್ತಿಕೊಂಡಂತೆ ಒಂದು ಮಾತು. ಮಂಚದಲ್ಲಿ ಅವನು ಮಲಗುವ ಬದಿಗೆ ಒಣಮೆಣಸಿನ ಚೀಲ ತಂದು ಇಟ್ಟಿದ್ದಾಳಂತೆ, ಖಾಲಿ ಕಾಣಬಾರದೆಂದು. ಮಗ್ಗುಲು ಬದಲಿಸಿದರೆ ಸೀನು ಬರುತ್ತದಂತೆ. ಅದರ ಮುಂದೆ ಅವಳು ಹೇಳಿದ ಇನ್ನೆರಡು ಮಾತುಗಳನ್ನು ಪಕೀರಬ್ಬ ನೆನೆಯಲಿಕ್ಕೂ ಹೋಗಲಿಲ್ಲ, ಈರುಳ್ಳಿಯ ರಾಶಿಯ ಎದುರು ಅವನ ಕಿವಿ ಬಿಸಿಯಾಯಿತು.

"ಯೂಸುಫ್, ಅಕ್ಕಿ ನೀನು ನೋಡ್ಕೋ. ನಾನು ಈಗ ಬಂದೆ" ಎಂದು ಜೊತೆಯ ಅಡುಗೆಯವನಿಗೆ ಹೇಳಿ ಹೊರಗೋಡಿದ. ಅಂಗಳದಲ್ಲಿ ಕಂಪೆನಿಯ ಪಿಕಪ್ ತೊಳೆಯುತ್ತಿದ್ದ ಡ್ರೈವರ್ ಗೇಬ್ರಿಯಲ್ ಮೂಡಬಿದಿರೆ ಕಡೆಯವನು, ಬಾಯಿ ಜೋರು, ಮನಸ್ಸು ಬೆಣ್ಣೆ. ವಿಷಯ ಕೇಳಿ ನೀರಿನ ಪೈಪು ಕೈಯಲ್ಲಿ ಹಿಡಿದಂತೆಯೇ ಬಗ್ಗಿ ಬಗ್ಗಿ ನಕ್ಕ.

"ಸಾಲ ಕೊಡುವವನಿಗೇ ಅವನ ಕೆಮ್ಮು ರೆಕಾರ್ಡ್ ಮಾಡಿ ಕೊಟ್ಟಿದ್ದೀಯಲ್ಲ ಮಾರಾಯ! ದೋಹಾದಲ್ಲಿ ಇಂಥ ಕೆಲಸ ಮಾಡಿದವ ನೀನೊಬ್ಬನೇ ಇರಬೇಕು."

"ನಗಬೇಡ ಗೇಬ್ರಿ. ಅವರು ಕೇಳುವ ಮೊದಲು ಹೋಗಿ ತೆಗೊಳ್ಬೇಕು. ಬಿಡ್ತೀಯಾ ಇಲ್ವಾ ಹೇಳು."

"ಎಂತ ಹೇಳಿ ತೆಗೊಳ್ತಿ? 'ಹಾಜ್ಯಾರೇ, ಅರ್ಧ ನನ್ನದು, ಅರ್ಧ ಹೆಂಡತಿಯದು, ನನ್ನ ಅರ್ಧ ಮಾತ್ರ ಕೇಳಿ' ಅಂತವಾ?" ಎನ್ನುತ್ತಲೇ ಅವನು ಪೈಪು ಎಸೆದು ಬಾಗಿಲು ತೆಗೆದ. "ಬೇಗ ಹತ್ತು. ಯಲ್ಲಾ."

ಗಾಡಿ ಹೊರಟಿತು. ರಸ್ತೆ ಖಾಲಿ, ಶುಕ್ರವಾರದ ಬೆಳಗಿನ ಬಿಸಿಲು ಇನ್ನೂ ಎಳೆಯದು. ಕಿಟಕಿಯ ಗಾಜು ಇಳಿಸಿ ಪಕೀರಬ್ಬ ಹೊರಗೆ ನೋಡುತ್ತ ಕೂತ, ನೋಡಿದ್ದು ಮಾತ್ರ ಬೇರೆಯದನ್ನು. ಅವನು ಬಂದ ಎರಡನೆಯ ವರ್ಷ, ಇದೇ ಮೆಸ್ಸಿನಲ್ಲಿ ಪಾತ್ರೆ ತೊಳೆಯುವವನಾಗಿದ್ದಾಗ, ಅಡುಗೆಯವನು ಹೇಳದೆ ಕೇಳದೆ ಊರಿಗೆ ಹೋಗಿಬಿಟ್ಟಿದ್ದ. ಫೋರ್‌ಮನ್ನು ಇವನ ಕೈಗೆ ಸೌಟು ಕೊಟ್ಟ. ಮೊದಲ ದಿನದ ಮೀನಿನ ಸಾರನ್ನು ಮೇಸ್ತ್ರಿಯೊಬ್ಬ ಎಲ್ಲರ ಎದುರಿಗೆ ತಟ್ಟೆಯಿಂದ ತಿರುಗಿ ಪಾತ್ರೆಗೇ ಸುರಿದು, ಮಾತಾಡದೆ ಕೈ ತೊಳೆದು ಹೋದ. ಬೈದಿದ್ದರೆ ಸಹಿಸಬಹುದಿತ್ತು. ಆ ಸದ್ದು, ತಟ್ಟೆಯಿಂದ ಸಾರು ಬಿದ್ದ ಸದ್ದು, ಈಗಲೂ ಒಮ್ಮೊಮ್ಮೆ ಪಕೀರಬ್ಬನಿಗೆ ಮಸೀದಿಯಲ್ಲಿ ಕೂತಾಗ ಕೇಳುತ್ತದೆ. ಅವತ್ತೇ ಮೈಮೂನಾಳಿಗೆ ಕ್ಯಾಸೆಟ್ಟು ಕಳಿಸಿದ: ಅಡುಗೆ ಹೇಳಿಕೊಡು. ಮೂರು ವಾರಕ್ಕೆ ಉತ್ತರ ಬಂತು. ಅವಳು ಬರೀ ಹೇಳಿರಲಿಲ್ಲ, ಟೇಪನ್ನು ಒಲೆಯ ಪಕ್ಕ ಇಟ್ಟು ಅಡುಗೆಯನ್ನೇ ಮಾಡಿದ್ದಳು. ಎಣ್ಣೆ ಕಾಯುವುದು, ಸಾಸಿವೆ ಸಿಡಿಯುವುದು, 'ಈಗ, ಈಗ ಹಾಕಿ, ಈ ಸದ್ದು ನಿಂತ ಮೇಲೆ ಹಾಕಿದ್ರೆ ಕೆಟ್ಟಿತು' ಎಂಬ ಅವಸರ, ನಡುವೆ ಕೋಳಿಯನ್ನು ಓಡಿಸಿದ್ದು. ಪಕೀರಬ್ಬ ಟೂ-ಇನ್-ಒನ್ನನ್ನು ಮೆಸ್ಸಿನ ಶೆಲ್ಫಿನ ಮೇಲಿಟ್ಟು, ಒದ್ದೆ ಬೆರಳಲ್ಲಿ ಗುಂಡಿ ಒತ್ತಿ ನಿಲ್ಲಿಸುತ್ತ, ಮತ್ತೆ ಒತ್ತುತ್ತ, ಅವಳ ಕೈ ಹಿಡಿದುಕೊಂಡೇ ಅಡುಗೆ ಮಾಡಿದ. ಆ ದಿನ ಪಾತ್ರೆ ಬರಿದಾಯಿತು. ಅದೇ ಮೇಸ್ತ್ರಿ ಬಂದು, ಎಲ್ಲಿ ಕಲಿತದ್ದು ಇದು, ಎಂದು ಕೇಳಿದ. ಹೆಂಡತಿ ಹೇಳಿಕೊಟ್ಟಳೆಂದರೆ ಅರವತ್ತು ಗಂಡಸರು ನಗುತ್ತಾರೆಂದು ಪಕೀರಬ್ಬ, ಬೊಂಬಾಯಿ, ಎಂದ. ವರ್ಷಗಳು ಕಳೆದಂತೆ ಬೊಂಬಾಯಿಯ ಹೋಟೆಲಿಗೆ ಮಹಡಿಗಳು ಬಂದವು, ಉಸ್ತಾದರಿಗೆ ಗಡ್ಡ ಬಂತು, ಒಮ್ಮೆ ಯಾರೋ ಸಿನಿಮಾದವರು ಊಟಕ್ಕೂ ಬಂದು ಹೋದರು. ಪಕೀರಬ್ಬ ಬೊಂಬಾಯಿಯಲ್ಲಿ ಇದ್ದದ್ದು ವಿಮಾನ ಹತ್ತುವ ಮೊದಲು ಮೂರು ದಿನ, ಅದೂ ಹೊಟ್ಟೆ ಕೆಟ್ಟು.

ಸುಳ್ಳು ಹೇಳಿದ್ದಕ್ಕೆ ಅವನಿಗೆ ಅಷ್ಟು ನಾಚಿಕೆಯಿಲ್ಲ. ಗಲ್ಫಿನಲ್ಲಿ ಸುಳ್ಳು ಹೇಳದೆ ಬದುಕಿದವರು ಯಾರು? ಒಳಗೆ ಚುಚ್ಚುತ್ತಿದ್ದದ್ದು ಬೇರೆ. ಮೈಮೂನಾ ಪ್ರತಿ ಕ್ಯಾಸೆಟ್ಟಿನಲ್ಲೂ ಕೇಳುತ್ತಾಳೆ: 'ಅವರೆಲ್ಲ ಎಂತ ಹೇಳಿದ್ರು? ಚೆನ್ನಾಗಿತ್ತಂತಾ?' ಇವನು ಪ್ರತಿ ಸಲ, 'ಪರವಾಗಿಲ್ಲ, ತಿಂದರು' ಎನ್ನುತ್ತಾನೆ. ಒಂದೆರಡು ಸಲ, 'ಉಪ್ಪು ಸ್ವಲ್ಪ ಜಾಸ್ತಿ ಅಂದ್ರು' ಎಂದೂ ಸೇರಿಸಿದ್ದಾನೆ. ಅರವತ್ತು ಜನ ಬೆರಳು ನೆಕ್ಕಿದ್ದನ್ನು, ಬೇರೆ ಕಂಪೆನಿಯವರು ಬೇಕೆಂದೇ ದಾರಿ ಬದಲಿಸಿ ಊಟದ ಹೊತ್ತಿಗೆ ಬಂದು ಕೂತದ್ದನ್ನು ಹೇಳಲಿಲ್ಲ. ಏಕೆ ಹೇಳಲಿಲ್ಲ? ಹೇಳಿದರೆ ತನ್ನ ಪಾಲಿಗೆ ಏನೂ ಉಳಿಯುವುದಿಲ್ಲವೆಂದು. ಕಿಟಕಿಯ ಚೌಕಟ್ಟಿಗೆ ತಲೆಯಾನಿಸಿ ಕೂತ ಪಕೀರಬ್ಬನಿಗೆ ಇದು ಇವತ್ತೇ ಇಷ್ಟು ಸ್ಪಷ್ಟವಾಗಿ ಕಂಡದ್ದು, ತಾನೊಬ್ಬ ಸಣ್ಣ ಮನುಷ್ಯ ಎಂದು ಅವನಿಗೆ ಅನಿಸಿತು. ಅಷ್ಟರಲ್ಲಿ ಗೇಬ್ರಿಯಲ್ ಅಬು ಹಮೂರಿನ ಮಾರುಕಟ್ಟೆಯ ಬಳಿ ಗಾಡಿ ನಿಧಾನ ಮಾಡಿದ. ಟೊಮೆಟೊ ಲಾರಿಗಳು, ಕಲ್ಲಂಗಡಿಯ ಗುಡ್ಡೆ, ಅವುಗಳ ನಡುವೆ ಮಲಬಾರಿಯ ಹೋಟೆಲಿನ ಹಸಿರು ಬಾಗಿಲು, ಬಾಗಿಲಲ್ಲಿ ಚಹಾದ ಲೋಟ ಹಿಡಿದು ನಿಂತ ಹಮಾಲಿಗಳು. ಎಂಥ ತಳಮಳದಲ್ಲೂ ಪಕೀರಬ್ಬನ ಮೈಯಲ್ಲಿ ಒಂದು ಪುಳಕ ಓಡಿತು. ಹಾಳು ಮನಸ್ಸು, ಆ ಲೋಟದಲ್ಲಿ ಚಹಾ ನೀರಾಗಿದೆ, ಶುಂಠಿ ಸಾಲದು ಎಂದು ಆಗಲೇ ಮಾಲೀಕನ ಹಾಗೆ ಯೋಚಿಸುತ್ತಿತ್ತು.

"ಬಾಯಿ ಮುಚ್ಚಿ ನಗು, ನೊಣ ಹೋದೀತು" ಎಂದ ಗೇಬ್ರಿಯಲ್.

ಅಲ್ ಥುಮಾಮಾದ ಮನೆಯ ಗೇಟು ತೆರೆದೇ ಇತ್ತು. ಅಂಗಳದಲ್ಲಿ ಬೂದು ಬಣ್ಣದ ಲ್ಯಾಂಡ್‌ಕ್ರೂಸರು ನಾಲ್ಕೂ ಬಾಗಿಲು ತೆರೆದುಕೊಂಡು ನಿಂತಿತ್ತು. ಅದರೊಳಗಿನಿಂದ ಮೈಮೂನಾ ಮಾತಾಡುತ್ತಿದ್ದಳು.

ಪಕೀರಬ್ಬ ಗೇಟಿನಲ್ಲೇ ನಿಂತ. ಇಷ್ಟು ವರ್ಷ ಅವಳ ದನಿಯನ್ನು ಅವನು ಕೇಳಿದ್ದು ರೂಮಿನ ಮೂಲೆಯಲ್ಲಿ, ದಿಂಬಿನ ಪಕ್ಕ, ಬೇರೆಯವರಿಗೆ ಕೇಳಿಸದಂತೆ ಸಣ್ಣಗೆ ಮಾಡಿ. ಈಗ ಅದು ನಾಲ್ಕು ಸ್ಪೀಕರುಗಳಿಂದ ಹೊರಟು, ಕಾಂಪೌಂಡಿನ ಗೋಡೆಗೆ ತಾಗಿ, ಬಿಸಿಲಿನಲ್ಲಿ ಮೆರೆಯುತ್ತಿತ್ತು. ಮೇಲೆ ವಿಮಾನವೊಂದು ಇಳಿಯಲು ಹವಣಿಸುತ್ತ ಅಬ್ಬರಿಸಿಕೊಂಡು ಹೋಯಿತು. ಮೈಮೂನಾ ಅದಕ್ಕೂ ಜಗ್ಗಲಿಲ್ಲ, 'ತೆಂಗಿನಕಾಯಿ ಕೆಂಪಾದ್ರೆ ಸಾಕು, ಕಪ್ಪಾಗುವವರೆಗೆ ಹುರಿದು ಕೂರಬೇಡಿ' ಎನ್ನುತ್ತಲೇ ಇದ್ದಳು. ನಾಚಿಕೆ ಬರುವ ಮೊದಲು, ಭಯ ಬರುವ ಮೊದಲು, ಪಕೀರಬ್ಬನಿಗೆ ಬಂದದ್ದು ಸಂತೋಷ. ಅವಳು ಇಲ್ಲಿದ್ದಾಳೆ. ಕತಾರಿನ ಗಾಳಿಯಲ್ಲಿ ಅವಳ ಮಾತು ಹೀಗೆ ಬಯಲಾಗಿ ಹರಿದಾಡುವುದು ಎಷ್ಟು ಸಹಜವಾಗಿ ಕೇಳಿಸುತ್ತಿದೆ! ಮರುಕ್ಷಣವೇ, ಪಿಂಡಿಯ ಪಾಠ ನಡೆದಿದೆಯೆಂದರೆ ಕೆಮ್ಮಿನ ಭಾಗ ಮುಗಿದಿದೆ ಎಂದು ಹೊಳೆಯಿತು. ಮುಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಒರಗಿದ್ದ ಮೂಸಬ್ಬ ಹಾಜಿಯವರ ಮುಖದಲ್ಲಿ ಏನಿದೆಯೆಂದು ಗಡ್ಡದಿಂದಾಗಿ ತಿಳಿಯಲಿಲ್ಲ. ಹಿಂದಿನ ಸೀಟಿನಲ್ಲಿ ಅವರ ಹೆಂಡತಿ ಆಯಿಷಮ್ಮ ಚಹಾದ ಲೋಟ ಹಿಡಿದು ಕ್ಯಾಸೆಟ್ಟಿನ ಜೊತೆ ಜಗಳಕ್ಕಿಳಿದಿದ್ದರು. "ಕೊತ್ತಂಬರಿ ಅಷ್ಟು ಬೇಡ. ಅಷ್ಟು ಹಾಕುದಿಲ್ಲ ನಮ್ಮಲ್ಲಿ. ಕೇಳಿದ್ರಾ ನೀವು?" ಹಾಜಿಯವರು, "ಸುಮ್ಮನಿರು, ಅವಳು ಹೇಳಲಿ" ಎಂದರು.

ಆಗ ಮೈಮೂನಾಳ ದನಿ ತಗ್ಗಿತು. ಪಕೀರಬ್ಬನಿಗೆ ಆ ತಗ್ಗು ಗೊತ್ತು. ಓಡಿಹೋಗಿ ಗುಂಡಿ ಒತ್ತಬೇಕೆಂದು ಒಂದು ಹೆಜ್ಜೆ ಮುಂದಿಟ್ಟ. 'ಇನ್ನೊಂದು ಮಾತು' ಎಂದಳು ಅವಳು, 'ಯಾರಿಗೂ ಹೇಳಬೇಡಿ. ಮಂಚದಲ್ಲಿ ನಿಮ್ಮ ಬದಿಗೆ…' ಅಷ್ಟರಲ್ಲಿ ಹಾಜಿಯವರ ಕೈ ಮುಂದೆ ಹೋಯಿತು. ಟಕ್ ಎಂದು ಟೇಪು ನಿಂತಿತು.

"ಯಾಕೆ ನಿಲ್ಲಿಸಿದ್ದು?" ಎಂದರು ಆಯಿಷಮ್ಮ.

"ಅದು ನಮಗಲ್ಲ" ಎಂದರು ಹಾಜಿಯವರು.

ಆ ಒಂದು ಮಾತಿಗೆ ಪಕೀರಬ್ಬನ ಕಣ್ಣು ತುಂಬಿತು. ಸಾಲ ಸಿಗದಿದ್ದರೂ ಇವರ ಮೇಲೆ ಇನ್ನು ತಮಾಷೆ ಮಾಡುವುದಿಲ್ಲ ಎಂದುಕೊಂಡ. ಹಾಜಿಯವರು ಕಣ್ಣು ತೆರೆದು ಗೇಟಿನ ಕಡೆ ನೋಡಿದರು, ನಿಧಾನವಾಗಿ ಕಾರಿನಿಂದಿಳಿದು ಬಂದು ಎದುರು ನಿಂತರು.

"ಪಕೀರ, ನಾನು ಹಾಗೆ ಕೆಮ್ಮುತ್ತೇನಾ?"

 ಕಾರಿನೊಳಗಿನಿಂದ ಆಯಿಷಮ್ಮ ಉತ್ತರ ಕೊಟ್ಟರು. "ಹೌದು. ಆ ಹುಡುಗಿ ಮಾಡಿದ್ದು ಎಳ್ಳಷ್ಟೂ ಹೆಚ್ಚುಕಡಿಮೆ ಇಲ್ಲ."

"ಮೂವತ್ತು ವರ್ಷದಿಂದ ಜೊತೆಗಿದ್ದಿ, ಹೇಳಲಿಕ್ಕೆ ಎಂತ ಆಗಿತ್ತು ನಿನಗೆ?"

"ದುಡ್ಡು ಕೇಳಿದಾಗೆಲ್ಲ ಕೆಮ್ಮಿದ್ರಿ, ಹೇಳಲಿಕ್ಕೆ ಬಿಟ್ಟಿದ್ದು ಯಾವಾಗ?"

ಗೇಟಿನ ಹೊರಗೆ ಪಿಕಪ್ಪಿನಲ್ಲಿ ಕೂತಿದ್ದ ಗೇಬ್ರಿಯಲ್ಲನ ನಗು ಸೀಟಿನಡಿಯಿಂದ ಬಂದಂತೆ ಕೇಳಿತು. ಹಾಜಿಯವರು ನಗಲಿಲ್ಲ. ಪಕೀರಬ್ಬನ ಹೆಗಲ ಮೇಲೆ ಕೈಯಿಟ್ಟು, "ಬೊಂಬಾಯಿಯ ಉಸ್ತಾದರು ಯಾರು ಹಾಗಾದ್ರೆ?" ಎಂದು ಕೇಳಿದರು.

"ಯಾರೂ ಇಲ್ಲ ಮೂಸಾಕ. ಸುಳ್ಳು. ಎಲ್ಲ ಅವಳೇ." ಅಷ್ಟು ಹೇಳಿದ್ದೇ ತಡ, ಪಕೀರಬ್ಬನಿಗೆ ಎದೆಯ ಮೇಲಿಂದ ಯಾರೋ ಎದ್ದು ಹೋದಷ್ಟು ಹಗುರವಾಯಿತು. ಕೇಳದಿದ್ದರೂ ಇನ್ನಷ್ಟು ಹೇಳಿದ: ರಂಜಾನಿನ ಪಿಂಡಿ ಅವಳದು, ಈದಿನ ಬಿರಿಯಾನಿ ಅವಳದು, ನೈಪತ್ತಿರ್ ಅವಳದು. ತನ್ನದು ಬರೀ ಸೌಟು ಆಡಿಸಿದ್ದು. ಹೇಳುತ್ತ ಹೇಳುತ್ತ ಅವನಿಗೆ ಹೆಮ್ಮೆಯೇ ಬಂದುಬಿಟ್ಟಿತು.

"ಹಾಗಾದ್ರೆ ನಿನಗೆ ಸಾಲ ಕೊಡುದಿಲ್ಲ" ಎಂದರು ಹಾಜಿಯವರು. ಪಕೀರಬ್ಬನ ಮುಖ ಹುಳ್ಳಗಾಯಿತು. ಹಸಿರು ಬಾಗಿಲು, ಚಹಾದ ಲೋಟ, ಮಗಳ ಶಾಲೆ, ಅಣ್ಣನ ಮನೆಯಲ್ಲಿರುವ ಉಮ್ಮನ ಔಷಧಿ ಎಲ್ಲವೂ ಒಂದೇ ಸಲ ಕಣ್ಣ ಮುಂದೆ ಸುಳಿದು ಹೋದವು. ಹಾಜಿಯವರು ಮುಂದುವರಿಸಿದರು: "ಮೂವತ್ತು ವರ್ಷದಿಂದ ಕ್ಯಾಸೆಟ್ಟು ಕೇಳ್ತಾ ಇದ್ದೇನೆ. ಎಲ್ಲ ಅಳುವುದೇ. ಹೊಗಳುವುದು, ಅಳುವುದು. ಕ್ಯಾಸೆಟ್ಟಿನಲ್ಲಿ 'ಇಷ್ಟು ಹಾಕು, ಅಷ್ಟು ಹಾಕಬೇಡ' ಅಂತ ಜೋರು ಮಾಡಿದ ಒಬ್ಬಳೇ ಒಬ್ಬಳು ಈ ಹೆಂಗಸು. ಕೊಡುದಾದ್ರೆ ಅವಳಿಗೆ ಕೊಡ್ತೇನೆ. ಅವಳು ಕೇಳಲಿ. ಊರಿನಲ್ಲಿ ಫೋನು ಉಂಟಾ?"

ಫೋನು ಇದ್ದದ್ದು ಪಕ್ಕದ ಮನೆಯ ಎಡ್ನಾ ಟೀಚರಲ್ಲಿ. ಆ ನಂಬರಿಗೆ ಪಕೀರಬ್ಬ ಮಾಡುವುದು ವರ್ಷಕ್ಕೆ ಎರಡು ಈದಿಗೆ ಮಾತ್ರ, ಅದೂ ಮೂರು ನಿಮಿಷ, ಹೆದರುತ್ತ. ಈಗ ಹಾಜಿಯವರು ಅವನನ್ನು ಮನೆಯೊಳಗೆ ಕರೆದೊಯ್ದು, ಸೋಫಾದಲ್ಲಿ ಕೂತು ತಾವೇ ಗುಂಡಿ ಒತ್ತಿದರು. ಟೀಚರಿಗೆ ವಿಷಯ ಹೇಳಿ, ಕರೆದು ತನ್ನಿ, ಹತ್ತು ನಿಮಿಷ ಬಿಟ್ಟು ಮತ್ತೆ ಮಾಡ್ತೇವೆ ಎಂದು ಇಟ್ಟರು. ಆ ಹತ್ತು ನಿಮಿಷ ಪಕೀರಬ್ಬನಿಗೆ ಮುಗಿಯಲೇ ಇಲ್ಲ. ಆಯಿಷಮ್ಮ ತಂದಿಟ್ಟ ಚಹಾ ಆರಿತು. ಮೈಮೂನಾ ಪರಗಂಡಸರ ಜೊತೆ ಮಾತಾಡಿದವಳಲ್ಲ. ಹೆದರಿ ಫೋನು ಇಟ್ಟುಬಿಟ್ಟರೆ? ದೋಹಾದಿಂದ ಫೋನು ಬಂತೆಂದರೆ ಯಾರಿಗೋ ಏನೋ ಆಯಿತೆಂದು ಅತ್ತುಕೊಂಡೇ ಬಂದರೆ? ಅದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು. ಅವಳಿಗೆ ಈಗ ಎಲ್ಲ ಗೊತ್ತಾಗುತ್ತದೆ. ಹತ್ತು ವರ್ಷದಿಂದ ಅವನು ಕಳಿಸದೇ ಉಳಿಸಿಕೊಂಡ ಹೊಗಳಿಕೆಯೆಲ್ಲ ಒಂದೇ ಸಲ ಅವಳ ಕೈ ಸೇರುತ್ತದೆ. ಗೋಡೆಯ ಮೇಲಿನ ಕ್ಯಾಲೆಂಡರಿನ ಕಾಬಾದ ಚಿತ್ರವನ್ನು ನೋಡುತ್ತ, ಸೇರಲಿ ಎಂದುಕೊಂಡ ಪಕೀರಬ್ಬ. 

ಹಾಜಿಯವರು ಎರಡನೆಯ ಸಲ ಫೋನು ಮಾಡಿ ಸ್ಪೀಕರಿನ ಗುಂಡಿ ಒತ್ತಿದರು. ಅತ್ತ ಕಡೆ ಏದುಸಿರು, ಮಗಳ ಪಿಸುಮಾತು, ಎಡ್ನಾ ಟೀಚರ ನಾಯಿ ಬೊಗಳುವ ಸದ್ದು.

"ನಾನು ಮೂಸಬ್ಬ ಮಾತಾಡುದು. ಹೆದರಬೇಡಮ್ಮ, ಎಲ್ಲ ಸೌಖ್ಯ. ನಿನ್ನ ಗಂಡ ಇಲ್ಲೇ ಇದ್ದಾನೆ, ಬಾಡಿದ ಬದನೆಕಾಯಿ ಹಾಗೆ. ಒಂದು ವಿಷಯ ಕೇಳಲಿಕ್ಕೆ ಮಾಡಿದ್ದು. ನಾನು ರಂಜಾನಿನಲ್ಲಿ ಎರಡು ಬಟ್ಟಲು ಪಿಂಡಿ ತಿಂದೆ. ಅಂಥದ್ದು ನನ್ನ ಉಮ್ಮ ಹೋದ ಮೇಲೆ ತಿಂದದ್ದಿಲ್ಲ. ಅದು ನಿನ್ನದಾ?"

  ಮೈಮೂನಾ ಬಹಳ ಮೆಲ್ಲಗೆ ಹೇಳಿದಳು: "ಉಪ್ಪು ಹೆಚ್ಚಾಗಿತ್ತಂತೆ."

ಪಕೀರಬ್ಬ ಎದ್ದು ನಿಂತ. "ಇಲ್ಲ. ಆಗಿರಲಿಲ್ಲ" ಎಂದ, ಫೋನಿನ ಕಡೆ ಬಗ್ಗಿ, ಬೇಡದಷ್ಟು ಜೋರಾಗಿ. "ಯಾವತ್ತೂ ಹೆಚ್ಚಾಗಲಿಲ್ಲ. ಎಲ್ಲರೂ ಹೊಗಳಿದ್ದು. ಹತ್ತು ವರ್ಷವೂ ಹೊಗಳಿದ್ದೇ. ನಾನು ನಿನಗೆ ಹೇಳಲಿಲ್ಲ. ನನ್ನದು ಅಂತ ಇಟ್ಟುಕೊಂಡೆ. ತಪ್ಪಾಯ್ತು." ಆಯಿಷಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು. ಹಾಜಿಯವರು ಕ್ಯಾಲೆಂಡರಿನಲ್ಲಿ ಇಲ್ಲದ ತಾರೀಕನ್ನು ಹುಡುಕತೊಡಗಿದರು. ಅತ್ತಲಿಂದ ಕೇಳಿದ್ದು ಅಳುವೋ ನಗುವೋ ಗೊತ್ತಾಗದ ಒಂದು ಸದ್ದು, ಅದು ಕೊನೆಗೆ ನಗುವೆಂದೇ ತೀರ್ಮಾನವಾಯಿತು.

"ಈಗ ಕೇಳು" ಎಂದರು ಹಾಜಿಯವರು ಫೋನಿಗೆ. "ಹೋಟೆಲಿಗೆ ಇವನು ಎಂಟು ಸಾವಿರ ಕೇಳಿದ್ದಾನೆ. ನಾನು ಇವನಿಗೆ ಕೊಡುದಿಲ್ಲ, ನಿನಗೆ ಕೊಡ್ತೇನೆ. ಬೇಕಾ?"

"ಎಂಟು ಸಾವಿರ ಸಾಕಾಗುದಿಲ್ಲ ಮೂಸಾಕ" ಎಂದಳು ಮೈಮೂನಾ.

ಹಾಜಿಯವರ ಕೈ ತಾನಾಗಿ ಗಂಟಲಿಗೆ ಹೋಯಿತು. ಖೊಕ್. ಖೊಕ್. ಮೂರನೆಯದನ್ನು ಅವರು ಎಷ್ಟು ತಡೆದರೂ ತಡೆಯಲಾಗಲಿಲ್ಲ. ಸ್ಪೀಕರಿನಲ್ಲಿ ಶಬಾನಾ ಕಿಲಕಿಲ ನಕ್ಕಳು, ಅವಳ ಬಾಯಿಗೆ ಯಾರೋ ಕೈ ಅಡ್ಡ ಹಿಡಿದದ್ದೂ ಕೇಳಿತು. ಈ ಸಲ ಹಾಜಿಯವರಿಗೇ ನಗು ತಡೆಯಲಿಲ್ಲ, ಮೂವತ್ತು ವರ್ಷದ ಕೆಮ್ಮೆಲ್ಲ ಸೇರಿ ನಗುವಾಗಿ ಬಂದಂತೆ ಹೊಟ್ಟೆ ಹಿಡಿದು ನಕ್ಕರು. "ಹೇಳು, ಎಷ್ಟು ಸಾಕು ನಿನಗೆ?"

"ನನ್ನ ಅಡುಗೆ ಅಂತ ಆದ ಮೇಲೆ ನಾನು ಇಲ್ಲಿ ಕೂತು ಕ್ಯಾಸೆಟ್ಟಿಗೆ ಹೇಳುದು, ಇವರು ಅಲ್ಲಿ ಅರ್ಧ ಕೇಳಿ ಅರ್ಧ ಬಿಡುದು, ಅದು ಎಷ್ಟು ದಿನ? ನಮ್ಮ ಟಿಕೆಟ್ಟಿಗೂ ಸೇರಿಸಿ ಕೊಡಿ. ನನಗೆ, ಮಗಳಿಗೆ. ಮನೆಯಲ್ಲೇ ಮಾಡಿ ಹೋಟೆಲಿಗೆ ಕಳಿಸ್ತೇನೆ. ಒಂದೂವರೆ ವರ್ಷದಲ್ಲಿ ತೀರಿಸ್ತೇನೆ, ಇವರನ್ನು ಕೇಳುದು ಬೇಡ, ನನ್ನನ್ನು ಕೇಳಿ."

ಅವಳು ಇಷ್ಟು ಮಾತನ್ನು ಎಲ್ಲಿ ಕೂಡಿಟ್ಟಿದ್ದಳು ಎಂದು ಪಕೀರಬ್ಬನಿಗೆ ತಿಳಿಯಲಿಲ್ಲ. ಮಂಗಳೂರಿಗೆ ಬಸ್ಸಿನಲ್ಲಿ ಹೋಗಲಿಕ್ಕೂ ಜೊತೆಗೆ ಜನ ಬೇಕೆನ್ನುತ್ತಿದ್ದವಳು. ಹಾಜಿಯವರು ಆಯಿಷಮ್ಮನ ಮುಖ ನೋಡಿದರು. ಆಯಿಷಮ್ಮ ಗಂಡನ ಮುಖ ನೋಡಲೇ ಇಲ್ಲ, ನೇರ ಫೋನಿಗೆ ಹೇಳಿದರು: "ಬಾ ಮಗಳೇ. ಮೊದಲು ನನಗೆ ಆ ಕೊತ್ತಂಬರಿಯ ಲೆಕ್ಕ ಹೇಳಿಕೊಡು, ನನಗೆ ಅದು ಸರಿ ಕಾಣುದಿಲ್ಲ." ಅಲ್ಲಿಗೆ ವ್ಯವಹಾರ ಮುಗಿಯಿತು. ವೀಸಾದ ವಿಷಯ ಜಾಮೀನು ನಿಲ್ಲುವ ನನ್ನ ಕಫೀಲನ ಹತ್ತಿರ ಮಾತಾಡ್ತೇನೆ, ಜುಮಾ ಮುಗಿಸಿ ನೇರ ಮಲಬಾರಿಯ ಹತ್ತಿರ ಹೋಗುವ, ಖಲಾಸ್, ಎಂದು ಹೇಳಿ ಹಾಜಿಯವರು ಸ್ಪೀಕರು ಆರಿಸಿ, ರಿಸೀವರನ್ನು ಪಕೀರಬ್ಬನ ಕೈಗೆ ಕೊಟ್ಟರು. ಅವರೂ ಆಯಿಷಮ್ಮನೂ ಏನೋ ನೆಪ ಮಾಡಿ ಒಳಕೋಣೆಗೆ ಹೋದರು.

ರಿಸೀವರು ಕಿವಿಗೆ ಹಿಡಿದ ಪಕೀರಬ್ಬನಿಗೆ ಏನು ಹೇಳಬೇಕೆಂದು ತೋಚಲಿಲ್ಲ. ಕ್ಯಾಸೆಟ್ಟಿನ ಎದುರು ಅವನು ಮಹಾ ವಾಚಾಳಿ. ಅಲ್ಲಿ ಅವನು ಹೇಳಿದ್ದೇ ಕೊನೆಯ ಮಾತು, ಎದುರಾಡುವ ಮಾತು ಬರಲಿಕ್ಕೆ ಒಂದು ತಿಂಗಳು ಬೇಕು, ಅಷ್ಟರಲ್ಲಿ ಇಬ್ಬರಿಗೂ ಮರೆತುಹೋಗಿರುತ್ತದೆ. ಹನ್ನೊಂದು ವರ್ಷ ಅವನು ಒಂದು ಜಗಳದಲ್ಲೂ ಸೋತಿರಲಿಲ್ಲ. ಈಗ ಕಿವಿಯ ಒಳಗೇ ಅವಳ ಉಸಿರು ಕೇಳುತ್ತಿತ್ತು.

"ಹೋಟೆಲಿನಲ್ಲಿ ಮೇಜು ಎಷ್ಟು ಉಂಟು?" ಎಂದು ಕೇಳಿದಳು ಮೈಮೂನಾ.

"ನಾಲ್ಕು."

"ಐದು ಹಾಕಿ."

"ಜಾಗ ಇಲ್ಲ ಮಾರಾಯ್ತಿ. ನಾನು ನೋಡಿದ್ದೇನೆ, ನಾಲ್ಕೇ ಕಷ್ಟ. ಗೋಡೆ ಉಂಟು ಆ ಬದಿಗೆ, ಮತ್ತೆ ಬಾಗಿಲು…"

"ನೀವು ನೋಡಿದ್ದು ಸಾಕು" ಎಂದು ಅವಳು ಅವನ ಮಾತನ್ನು ನಡುವೆಯೇ ತುಂಡು ಮಾಡಿದಳು. "ನಾನು ಬಂದು ನೋಡ್ತೇನೆ."

 ಪಕೀರಬ್ಬನ ಮುಖದ ತುಂಬ ನಗು ಹರಡಿತು.

"ಬಾ" ಎಂದ.